ರೆವಿಟ್‌ನಲ್ಲಿ ನೂರಾರು ಬೀಮ್‌ಗಳ ಉದ್ದ ಒಟ್ಟಿಗೆ ಬದಲಿಸುವುದು ಹೇಗೆ? ಲೆಂಗ್ತ್ ಜಾಗ ಬೂದು ಬಣ್ಣದಲ್ಲೇ ಇದೆ

ಉಕ್ಕಿನತೊಲೆ:

ಎಲ್ಲರಿಗೂ ನಮಸ್ಕಾರ. ರೆವಿಟ್‌ನಲ್ಲಿ, ಅಂದರೆ ಕಟ್ಟಡದ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್‌ನಲ್ಲಿ, ಆರು ಅಂತಸ್ತಿನ ಉಕ್ಕಿನ ಕಟ್ಟಡದ ಮಾಡೆಲ್ ಮಾಡುತ್ತಿದ್ದೇನೆ. ಪ್ರತಿ ಅಂತಸ್ತಿನಲ್ಲೂ ಮುಖ್ಯ ಬೀಮ್‌ಗಳ ನಡುವೆ ಸಾಲಾಗಿ ಸೆಕೆಂಡರಿ ಬೀಮ್‌ಗಳಿವೆ, ಎಲ್ಲಾ ಸೇರಿದರೆ ನೂರಾರು. ಮೊದಲು ಎರಡೂ ತುದಿಯಲ್ಲಿ 10 ಮಿ.ಮೀ. ಗ್ಯಾಪ್ ಬಿಡಬೇಕು ಅಂತ ಇತ್ತು, ಹಾಗೇ ಮಾಡಿದ್ದೆವು. ಈಗ ಕನೆಕ್ಷನ್ ಡಿಟೇಲ್ ಬದಲಾಗಿದೆ, ಎರಡೂ ಕಡೆ 20 ಮಿ.ಮೀ. ಬೇಕಂತೆ. ಅಂದರೆ ಪ್ರತಿಯೊಂದು ಬೀಮೂ ಒಟ್ಟು 20 ಮಿ.ಮೀ. ಗಿಡ್ಡ ಆಗಬೇಕು.

ಎಲ್ಲವನ್ನೂ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಲೆಂಗ್ತ್ ಬದಲಿಸೋಣ ಅಂದರೆ ಆ ಜಾಗ ಬೂದು ಬಣ್ಣದಲ್ಲಿದೆ, ಟೈಪ್ ಮಾಡಲು ಬಿಡುವುದಿಲ್ಲ. ಕಟ್ ಲೆಂಗ್ತ್ ಅಂತ ಇನ್ನೊಂದು ಇದೆ, ಅದೂ ಅಷ್ಟೇ. ಒಂದು ಬೀಮನ್ನು ಉದಾಹರಣೆಗೆ ತೆಗೆದುಕೊಂಡರೆ, ಗ್ರಿಡ್‌ನಿಂದ ಗ್ರಿಡ್‌ಗೆ (ಕಟ್ಟಡದ ಅಳತೆಯ ಗೆರೆಗಳ ನಡುವೆ) 6000, ಲೆಂಗ್ತ್ 6000 ಅಂತಲೇ ತೋರಿಸುತ್ತದೆ, ಕಟ್ ಲೆಂಗ್ತ್ ಮಾತ್ರ 5830. ಮುಖ್ಯ ಬೀಮ್‌ನ ಅರ್ಧ ಅಗಲ 75, ಗ್ಯಾಪ್ 10, ಎರಡೂ ಕಡೆ ಸೇರಿ 170 ಹೋಯಿತು, ಅದು ಅರ್ಥವಾಗುತ್ತದೆ. ನನಗೆ ಬೇಕಿರುವುದು 5810. ಒಂದೊಂದನ್ನೇ ಹಿಡಿದು ಎಳೆಯುತ್ತಾ ಕೂತರೆ ಎಲ್ಲೋ ಒಂದು ಕಡೆ ತಪ್ಪಿ ಹೋಗುವುದು ಖಂಡಿತ. ಅದು ಡ್ರಾಯಿಂಗ್‌ನಲ್ಲಿ ಕಾಣುವುದಿಲ್ಲ, ಸೈಟ್‌ನಲ್ಲಿ ಬೀಮ್ ಎತ್ತಿ ಹಿಡಿದಾಗ ಕಾಣುತ್ತದೆ.

ಇನ್ನೊಂದು ಕೆಲಸ ಇದಕ್ಕಿಂತ ಕಿರಿಕಿರಿ. ಹೊರಗಡೆ ಚಾಚಿಕೊಂಡ ಕ್ಯಾಂಟಿಲಿವರ್ ಬೀಮ್‌ಗಳಿವೆ. ಅವು ಹೊರಗಿನ ತುದಿಯಲ್ಲಿ ಮಾತ್ರ 150 ಮಿ.ಮೀ. ಉದ್ದ ಆಗಬೇಕು. ಒಳಗಿನ ತುದಿ ಒಂದು ಕೂದಲೆಳೆಯಷ್ಟೂ ಅಲ್ಲಾಡಬಾರದು. ಆದರೆ ಮಾಡೆಲ್ ಮಾಡಿದವರು ಬೇರೆ ಬೇರೆ ಜನ, ಕೆಲವರು ಒಳಗಿಂದ ಹೊರಗೆ ಎಳೆದಿದ್ದಾರೆ, ಕೆಲವರು ಹೊರಗಿಂದ ಒಳಗೆ. ಹಾಗಾಗಿ ಯಾವುದು ಸ್ಟಾರ್ಟ್, ಯಾವುದು ಎಂಡ್ ಅಂತ ಒಂದೇ ಸಮನೆ ಇಲ್ಲ.

ಇಂಥದ್ದನ್ನು ನೀವೆಲ್ಲ ಹೇಗೆ ಮಾಡುತ್ತೀರಿ? ಡೈನಮೊ (ನೋಡ್ ಎಂಬ ಪೆಟ್ಟಿಗೆಗಳನ್ನು ಜೋಡಿಸಿ ರೆವಿಟ್‌ಗೆ ಸ್ಕ್ರಿಪ್ಟ್ ಮಾಡುವ ಟೂಲ್) ಸ್ವಲ್ಪ ಬರುತ್ತದೆ, ಕೋಡ್ ಓದಿದರೆ ತಿಳಿಯುತ್ತದೆ, ಬರೆಯುವುದು ಅಷ್ಟಕ್ಕಷ್ಟೇ.

ಗ್ರಿಡ್‌ಲೈನ್:

ಸೆಕೆಂಡರಿ ಬೀಮ್‌ಗಳಿಗೆ ಸ್ಕ್ರಿಪ್ಟ್ ಬೇಕಾಗಿಯೇ ಇಲ್ಲ. ನೀವು ನೋಡಬೇಕಾದ ಜಾಗ ಲೆಂಗ್ತ್ ಅಲ್ಲ, ಸ್ಟಾರ್ಟ್ ಜಾಯಿನ್ ಕಟ್‌ಬ್ಯಾಕ್ ಮತ್ತು ಎಂಡ್ ಜಾಯಿನ್ ಕಟ್‌ಬ್ಯಾಕ್. ಪ್ರಾಪರ್ಟೀಸ್‌ನಲ್ಲಿ ಸ್ವಲ್ಪ ಕೆಳಗೆ, ಜಿಯೊಮೆಟ್ರಿಕ್ ಪೊಸಿಷನ್ ಅನ್ನುವ ಗುಂಪಿನಲ್ಲಿ ಸಿಗುತ್ತದೆ. ಇನ್ನೊಂದು ಬೀಮ್‌ಗೆ ಜಾಯಿನ್ ಆಗಿರುವ ತುದಿ ಎಷ್ಟು ಹಿಂದೆ ಸರಿದು ನಿಲ್ಲಬೇಕು ಅಂತ ಹೇಳುವುದೇ ಅದರ ಕೆಲಸ. ನಿಮಗೆ ಬೇಕಿರುವುದು ಅದೇ ಅಲ್ವಾ?

ಒಂದು ಸೆಕೆಂಡರಿ ಬೀಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಆಲ್ ಇನ್‌ಸ್ಟೆನ್ಸಸ್ ಅಂತ ಇದೆ, ಅದರಲ್ಲಿ ಇಡೀ ಪ್ರಾಜೆಕ್ಟ್ ಬೇಕಾ, ಈ ವ್ಯೂ ಮಾತ್ರ ಸಾಕಾ ಅಂತ ಆರಿಸಿಕೊಳ್ಳಿ. ಆ ಟೈಪ್‌ನ ಬೀಮ್ ಬೇರೆ ಕಡೆಯೂ ಬಳಸಿದ್ದರೆ ಇಡೀ ಪ್ರಾಜೆಕ್ಟ್ ಆರಿಸಬೇಡಿ, ಬೇಡದ್ದೂ ಸೇರಿಕೊಳ್ಳುತ್ತದೆ. ಆಮೇಲೆ ಎರಡೂ ಕಟ್‌ಬ್ಯಾಕ್ ಜಾಗದಲ್ಲಿ 20 ಅಂತ ಹಾಕಿ. ಮುಗಿಯಿತು. ಕಟ್ ಲೆಂಗ್ತ್ ತಾನಾಗಿ 5810 ಆಗುತ್ತದೆ. ಲೆಂಗ್ತ್ 6000 ಆಗಿಯೇ ಇರುತ್ತದೆ, ಇರಲೂಬೇಕು. ಅದು ಲೊಕೇಶನ್ ಲೈನ್‌ನ, ಅಂದರೆ ಬೀಮ್ ಹಾಕಲು ಎಳೆದ ಗೆರೆಯ ಉದ್ದ, ಉಕ್ಕಿನ ಉದ್ದ ಅಲ್ಲ. ಶೆಡ್ಯೂಲ್‌ನಲ್ಲಿ (ಬೀಮ್‌ಗಳ ಪಟ್ಟಿಯಲ್ಲಿ) ಲೆಂಗ್ತ್ ಹಾಕಿ, ಉಕ್ಕು ಕತ್ತರಿಸುವ ಫ್ಯಾಬ್ರಿಕೇಟರ್‌ಗೆ ಕಳಿಸುವವರನ್ನು ನೋಡಿದ್ದೇನೆ. ದಯವಿಟ್ಟು ಕಟ್ ಲೆಂಗ್ತ್ ಹಾಕಿ.

ಸ್ಟಾರ್ಟ್ ಎಕ್ಸ್‌ಟೆನ್ಷನ್, ಎಂಡ್ ಎಕ್ಸ್‌ಟೆನ್ಷನ್ ಅಂತ ಇನ್ನೊಂದು ಜೋಡಿ ಇದೆ. ಯಾವುದಕ್ಕೂ ಜಾಯಿನ್ ಆಗದ ತುದಿಗೆ ಅದು. ನಿಮ್ಮ ಕ್ಯಾಂಟಿಲಿವರ್‌ನ ಹೊರತುದಿಗೆ ಅದನ್ನೇ ಬಳಸಬಹುದು. ಒಂದು ಮಾತು, ಕಟ್‌ಬ್ಯಾಕ್ ಆಗಲಿ ಎಕ್ಸ್‌ಟೆನ್ಷನ್ ಆಗಲಿ ಉಕ್ಕಿನ ಬೀಮ್‌ಗೆ ಮಾತ್ರ. ಕಾಂಕ್ರೀಟ್ ಬೀಮ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸ್ಕ್ರಿಪ್ಟ್_ಕೆಲಸ:

ಗ್ರಿಡ್‌ಲೈನ್ ಹೇಳಿದ್ದು ಸರಿ, ಅದನ್ನೇ ಮೊದಲು ಮಾಡಿ. ನಾನು ಯಾಕೆ ಉದ್ದ ಬೂದು ಬಣ್ಣದಲ್ಲಿರುತ್ತದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಒಂದು ಸಲ ತಲೆಗೆ ಹತ್ತಿದರೆ ಗೋಡೆ, ಪೈಪ್, ಡಕ್ಟ್ ಎಲ್ಲಕ್ಕೂ ದಾರಿ ಕಾಣುತ್ತದೆ.

ಬೀಮ್, ಗೋಡೆ, ಪೈಪ್ ಇವೆಲ್ಲ ರೆವಿಟ್‌ನ ಒಳಗೆ ಒಂದು ಗೆರೆ. ಆ ಗೆರೆಗೆ ಎರಡು ತುದಿ. ಉದ್ದ ಅನ್ನುವುದು ಆ ಎರಡು ತುದಿಗಳಿಂದ ಲೆಕ್ಕ ಹಾಕಿ ಬಂದ ಉತ್ತರ. ಉತ್ತರವನ್ನು ನೇರವಾಗಿ ಬದಲಿಸಿ ಅಂದರೆ ಸಾಫ್ಟ್‌ವೇರ್‌ಗೆ ಯಾವ ತುದಿಯನ್ನು ಸರಿಸಬೇಕು ಅಂತ ಗೊತ್ತಾಗುವುದಿಲ್ಲ. ಎಡಗಡೆಯದ್ದಾ, ಬಲಗಡೆಯದ್ದಾ, ಎರಡನ್ನೂ ಅರ್ಧರ್ಧವಾ? ಒಂದೇ ಗೋಡೆಯನ್ನು ಸೆಲೆಕ್ಟ್ ಮಾಡಿದಾಗ ಟೆಂಪರರಿ ಡೈಮೆನ್ಷನ್‌ನಲ್ಲಿ ಸಂಖ್ಯೆ ಬದಲಿಸಬಹುದು, ಅಲ್ಲಿ ಯಾವ ಕಡೆಯದನ್ನು ಮುಟ್ಟಿದ್ದೀರಿ ಅನ್ನುವುದು ಅದಕ್ಕೆ ಕಾಣುತ್ತದೆ. ನೂರನ್ನು ಒಟ್ಟಿಗೆ ಹಿಡಿದಾಗ ಆ ನಿರ್ಧಾರ ನೀವು ಮಾಡಿ ಕೊಡಬೇಕು. ಹಾಗಾಗಿ ಯಾವ ಟೂಲ್ ಬಳಸಲಿ ಅನ್ನುವುದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದದ್ದು, ಯಾವ ತುದಿ ನಿಲ್ಲಬೇಕು, ಯಾವುದು ಓಡಾಡಬಹುದು, ಆ ತುದಿಯನ್ನು ಈಗ ಹಿಡಿದಿಟ್ಟಿರುವುದು ಯಾವುದು. ಜಾಯಿನ್ ಹಿಡಿದಿದೆಯಾ, ಲೆವೆಲ್ (ಅಂತಸ್ತಿನ ಮಟ್ಟ) ಹಿಡಿದಿದೆಯಾ, ಯಾರಾದರೂ ಬೀಗ ಹಾಕಿದ ಡೈಮೆನ್ಷನ್ ಹಿಡಿದಿದೆಯಾ. ಕಾಲಂ ಆದರೆ ಕೆಳಗಿನ ಲೆವೆಲ್, ಮೇಲಿನ ಲೆವೆಲ್ ಮತ್ತು ಅವುಗಳಿಂದ ಎಷ್ಟು ಮೇಲೆ ಕೆಳಗೆ ಅನ್ನುವ ಆಫ್‌ಸೆಟ್ ಹಿಡಿದಿರುತ್ತದೆ.

ಈಗ ಕ್ಯಾಂಟಿಲಿವರ್ ವಿಷಯಕ್ಕೆ ಬರೋಣ. ಸ್ಟಾರ್ಟ್ ಎಂಡ್ ಕಲಸಿ ಹೋಗಿದೆ ಅಂದಿರಲ್ಲ, ಡೈನಮೊದಲ್ಲಿ ಅದನ್ನು ಬಿಡಿಸುವುದು ಕಷ್ಟವಿಲ್ಲ. ಕಟ್ಟಡದ ಹೊರ ಅಂಚಿಗೆ ಒಂದು ಮಾಡೆಲ್ ಲೈನ್ ಎಳೆಯಿರಿ, ಸ್ಲ್ಯಾಬ್‌ನ ಅಂಚಿನ ಉದ್ದಕ್ಕೂ ಇದ್ದರೆ ಸಾಕು. ಅದನ್ನು ಸೆಲೆಕ್ಟ್ ಮಾಡಿ ಡೈನಮೊಗೆ ಕೊಡಿ. ಬೀಮ್‌ಗಳನ್ನು ಸೆಲೆಕ್ಟ್ ಮಾಡೆಲ್ ಎಲಿಮೆಂಟ್ಸ್ ನೋಡ್‌ನಿಂದ ತೆಗೆದುಕೊಳ್ಳಿ, ಎಲಿಮೆಂಟ್ ಗೆಟ್ ಲೊಕೇಶನ್ ಕೊಟ್ಟರೆ ಪ್ರತಿಯೊಂದರ ಗೆರೆ ಸಿಗುತ್ತದೆ. ಕರ್ವ್ ಸ್ಟಾರ್ಟ್ ಪಾಯಿಂಟ್, ಕರ್ವ್ ಎಂಡ್ ಪಾಯಿಂಟ್ ಎರಡನ್ನೂ ತೆಗೆದು, ಎರಡರಿಂದಲೂ ಆ ಅಂಚಿನ ಗೆರೆಗೆ ಎಷ್ಟು ದೂರ ಅಂತ ಜಿಯೊಮೆಟ್ರಿ ಡಿಸ್ಟೆನ್ಸ್ ಟು ನೋಡ್‌ನಿಂದ ಅಳೆಯಿರಿ. ಯಾವ ಬಿಂದುವಿನ ದೂರ ಕಮ್ಮಿಯೋ ಅದೇ ಹೊರತುದಿ. ಸ್ಟಾರ್ಟ್‌ನ ದೂರ ಕಮ್ಮಿ ಇರುವ ಬೀಮ್‌ಗಳನ್ನು ಬೂಲ್ ಮಾಸ್ಕ್‌ನಿಂದ (ಹೌದು, ಅಲ್ಲ ಅಂತ ಬೇರ್ಪಡಿಸುವ ನೋಡ್) ಒಂದು ಕಡೆ, ಮಿಕ್ಕವನ್ನು ಇನ್ನೊಂದು ಕಡೆ ಮಾಡಿ. ಮೊದಲ ಗುಂಪಿಗೆ ಸ್ಟಾರ್ಟ್ ಎಕ್ಸ್‌ಟೆನ್ಷನ್ 150, ಎರಡನೆಯದಕ್ಕೆ ಎಂಡ್ ಎಕ್ಸ್‌ಟೆನ್ಷನ್ 150, ಸೆಟ್ ಪ್ಯಾರಾಮೀಟರ್ ಬೈ ನೇಮ್‌ನಿಂದ ಬರೆಯಿರಿ. ಅಂಚಿನ ಗೆರೆ ಬೀಮ್‌ಗಳ ಮಟ್ಟದಲ್ಲೇ ಇರಲಿ. ಆರು ಅಂತಸ್ತಿಗೂ ಒಂದೇ ಗೆರೆ ಇಟ್ಟರೆ ಮೇಲಿನ ಬೀಮ್‌ಗಳ ಅಳತೆಗೆ ಅಂತಸ್ತಿನ ಎತ್ತರವೂ ಸೇರಿಕೊಳ್ಳುತ್ತದೆ. ಸಮತಟ್ಟಾದ ಬೀಮ್‌ನಲ್ಲಿ ಉತ್ತರ ಹಾಗೂ ಸರಿಯಾಗಿಯೇ ಬರುತ್ತದೆ, ಇಳಿಜಾರು ಇದ್ದರೆ ಕೈ ಕೊಡಬಹುದು.

ಎಚ್ಚರ ಇರಬೇಕಾದ ಇನ್ನೊಂದು ಜಾಗ ಅಳತೆಯ ಮಾನ. ಡೈನಮೊ ನಿಮ್ಮ ಪ್ರಾಜೆಕ್ಟ್‌ನ ಮಾನವನ್ನೇ ಹಿಡಿಯುತ್ತದೆ, ಪ್ರಾಜೆಕ್ಟ್ ಮಿ.ಮೀ.ನಲ್ಲಿದ್ದರೆ 150 ಅಂದರೆ 150 ಮಿ.ಮೀ. ಆದರೆ ಪೈಥಾನ್‌ನಲ್ಲಿ ನೇರವಾಗಿ ಎಪಿಐ (ಕೋಡ್‌ನಿಂದ ರೆವಿಟ್ ನಡೆಸುವ ದಾರಿ) ಮುಟ್ಟಿದಿರೋ, ಅಲ್ಲಿ ಉದ್ದ ಎಲ್ಲವೂ ಅಡಿಯಲ್ಲಿ. ಪ್ರಾಜೆಕ್ಟ್ ಯಾವ ಮಾನದಲ್ಲಿದ್ದರೂ ಒಳಗೆ ಅಡಿಯೇ. ಒಂದು ಅಡಿ 304.8 ಮಿ.ಮೀ. ಅಲ್ಲಿ 20 ಅಂತ ಬರೆದರೆ ಅದು 6096 ಮಿ.ಮೀ. ಆಗುತ್ತದೆ, 20 ಮಿ.ಮೀ. ಬೇಕಿದ್ದರೆ 0.0656 ಕೊಡಬೇಕು. ಕೈಯಲ್ಲಿ ಭಾಗಿಸುವ ಬದಲು ಮಾನ ಬದಲಿಸಿಕೊಡುವ ಯೂನಿಟ್ ಯುಟಿಲ್ಸ್ ಬಳಸಿ. ಹಳೆಯ ಸ್ಕ್ರಿಪ್ಟ್ ಎಲ್ಲಿಂದಲೋ ತಂದರೆ ಅದರಲ್ಲಿ ಡಿಸ್‌ಪ್ಲೇ ಯೂನಿಟ್ ಟೈಪ್ ಅಂತ ಇರುತ್ತದೆ, ರೆವಿಟ್ 2021ರಲ್ಲಿ ಅದರ ಬದಲು ಯೂನಿಟ್ ಟೈಪ್ ಐಡಿ ಬಂತು, 2022ರಲ್ಲಿ ಹಳೆಯದನ್ನು ತೆಗೆದೇ ಹಾಕಿದರು. ಹಳೆಯ ಸ್ಕ್ರಿಪ್ಟ್ ಹೊಸ ರೆವಿಟ್‌ನಲ್ಲಿ ಓಡುವುದಿಲ್ಲ ಅಂದರೆ ಮೊದಲು ಅಲ್ಲೇ ನೋಡಿ.

ಬಾಗಿಲುವಾಡ:

ಕ್ಯಾಂಟಿಲಿವರ್‌ಗೆ ಡೈನಮೊ ತನಕ ಯಾಕೆ ಹೋಗಬೇಕು? ಹೊರ ಅಂಚಿನಲ್ಲಿ ಎಡ್ಜ್ ಬೀಮ್ ಇದೆಯಲ್ಲ, ಅದನ್ನು 150 ಮಿ.ಮೀ. ಹೊರಗೆ ಸರಿಸಿ. ಆಮೇಲೆ ಟ್ರಿಮ್ ಎಕ್ಸ್‌ಟೆಂಡ್ ಮಲ್ಟಿಪಲ್ ಎಲಿಮೆಂಟ್ಸ್ ತೆಗೆದುಕೊಂಡು, ಮೊದಲು ಎಡ್ಜ್ ಬೀಮ್ ಮೇಲೆ ಕ್ಲಿಕ್ ಮಾಡಿ, ಆಮೇಲೆ ಕ್ಯಾಂಟಿಲಿವರ್‌ಗಳ ಮೇಲೆ ಬಲದಿಂದ ಎಡಕ್ಕೆ ಚೌಕ ಎಳೆಯಿರಿ. ಎಲ್ಲವೂ ಎದ್ದು ಬಂದು ಎಡ್ಜ್ ಬೀಮ್‌ಗೆ ಮುಟ್ಟುತ್ತವೆ. ಯಾವುದು ಸ್ಟಾರ್ಟ್ ಯಾವುದು ಎಂಡ್ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಅಂತಸ್ತಿಗೊಂದು ಸಲ ಮಾಡಿದರೆ ಮುಗಿಯಿತು. ಎಷ್ಟೋ ಸಲ ಎಡ್ಜ್ ಬೀಮ್ ಸರಿಸಿದಾಗಲೇ ಅದಕ್ಕೆ ಜಾಯಿನ್ ಆದ ಬೀಮ್‌ಗಳು ಜೊತೆಗೇ ಎಳೆದುಕೊಂಡು ಬರುತ್ತವೆ, ಆಗ ಟ್ರಿಮ್ ಕೂಡ ಬೇಡ.

ಸ್ಕ್ರಿಪ್ಟ್_ಕೆಲಸ:

ಎಡ್ಜ್ ಬೀಮ್ ಇದ್ದರೆ ನೀವು ಹೇಳಿದ ದಾರಿಯೇ ಚೆನ್ನ. ಸ್ಕ್ರಿಪ್ಟ್‌ಗಿಂತ ನಂಬಿಕೆ ಜಾಸ್ತಿ. ಉದ್ದ ಒಂದು ಸಂಖ್ಯೆಯಿಂದ ಬರುವುದಕ್ಕಿಂತ ಇನ್ನೊಂದು ಎಲಿಮೆಂಟ್‌ನ ಜಾಗದಿಂದ ಬರುವುದೇ ಯಾವಾಗಲೂ ಗಟ್ಟಿ, ನಾಳೆ ಆ 150 ಇನ್ನೊಂದು ಸಲ 200 ಆದರೂ ಎಡ್ಜ್ ಬೀಮ್ ಒಂದನ್ನೇ ಸರಿಸಿದರೆ ಆಯಿತು. ತುದಿಯಲ್ಲಿ ಏನೂ ಇಲ್ಲದೆ ಸುಮ್ನೆ ಗಾಳಿಯಲ್ಲಿ ನಿಂತ ಕ್ಯಾಂಟಿಲಿವರ್ ಆದರೆ ಮಾತ್ರ ನಾನು ಹೇಳಿದ್ದು.

ಉಕ್ಕಿನತೊಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಟ್‌ಬ್ಯಾಕ್ 20 ಹಾಕಿದೆ, ಹೆಚ್ಚಿನವು ಒಂದೇ ಏಟಿಗೆ 5810ಕ್ಕೆ ಬಂದವು. ಅದನ್ನು ನೋಡಿ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ. ಕ್ಯಾಂಟಿಲಿವರ್‌ಗಳಲ್ಲಿ ಎಡ್ಜ್ ಬೀಮ್ ಇರುವ ಕಡೆ ಬಾಗಿಲುವಾಡ ಅವರು ಹೇಳಿದಂತೆ ಮಾಡಿದೆ, ಸರಿಯಾಗಿದೆ. ಎಡ್ಜ್ ಬೀಮ್ ಇಲ್ಲದ ಕಡೆ ಡೈನಮೊ ಇನ್ನೂ ಮಾಡಬೇಕು.

ಉಳಿದಿರುವ ತೊಂದರೆ ಇಷ್ಟು. ಕೆಲವು ಸೆಕೆಂಡರಿ ಬೀಮ್‌ಗಳಲ್ಲಿ ಒಂದು ತುದಿಯ ಕಟ್‌ಬ್ಯಾಕ್ ಜಾಗವೂ ಬೂದು ಬಣ್ಣ. ಕೆಲವು ಗ್ರೂಪ್ ಒಳಗೆ ಇವೆ, ಅವನ್ನು ಮುಟ್ಟಲು ಆಗುತ್ತಿಲ್ಲ. ಇನ್ನು ಮೆಟ್ಟಿಲಿನ ಸುತ್ತ ಕಮಾನಿನ ಹಾಗೆ ಬಾಗಿದ ಬೀಮ್‌ಗಳಿವೆ, ಅವುಗಳ ತುದಿ ಕಾಂಕ್ರೀಟ್ ಗೋಡೆಯ ಹತ್ತಿರ ಸುಮ್ನೆ ನಿಂತಿದೆ, ಯಾವುದಕ್ಕೂ ಜಾಯಿನ್ ಇಲ್ಲ. ಅವೂ ಎರಡೂ ಕಡೆ 10 ಮಿ.ಮೀ. ಹಿಂದೆ ಬರಬೇಕು.

ಜೊತೆಗೆ ಒಂದು ಸಂದೇಹ. ಸಹೋದ್ಯೋಗಿಯೊಬ್ಬರು ಈ ಕಟ್‌ಬ್ಯಾಕ್ ಎಲ್ಲ ಬೇಡ, ಸ್ಕ್ರಿಪ್ಟ್‌ನಲ್ಲಿ ಲೊಕೇಶನ್ ಲೈನನ್ನೇ ಗಿಡ್ಡ ಮಾಡಿಬಿಡೋಣ, ಆಗ ಲೆಂಗ್ತ್ ಮತ್ತು ಕಟ್ ಲೆಂಗ್ತ್ ಎರಡೂ ಒಂದೇ ಆಗುತ್ತದೆ, ಗೊಂದಲ ಇರುವುದಿಲ್ಲ ಅನ್ನುತ್ತಿದ್ದಾರೆ. ಹಾಗೆ ಮಾಡಬಹುದಾ?

ಗ್ರಿಡ್‌ಲೈನ್:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ಮುಖ್ಯ. ಮಾಡಬೇಡಿ.

ಲೊಕೇಶನ್ ಲೈನ್ ಮುಖ್ಯ ಬೀಮ್‌ನ ನಡುಗೆರೆಯಿಂದ ನಡುಗೆರೆಗೆ ಹೋಗುತ್ತಿದೆ. ಅದಕ್ಕೇ ಬೀಮ್‌ಗಳು ಒಂದಕ್ಕೊಂದು ಜಾಯಿನ್ ಆಗಿರುವುದು. ಆ ಗೆರೆಯನ್ನು ಗಿಡ್ಡ ಮಾಡಿದ ಕೂಡಲೇ ತುದಿ ಮುಖ್ಯ ಬೀಮ್‌ನಿಂದ ಬಿಟ್ಟುಹೋಗುತ್ತದೆ, ಅಲ್ಲಿಂದ ಮುಂದೆ ಅದಕ್ಕೆ ಇದಕ್ಕೆ ಸಂಬಂಧವೇ ಇಲ್ಲ. ನಾಳೆ ಮುಖ್ಯ ಬೀಮ್ 50 ಮಿ.ಮೀ. ಸರಿದರೆ ಸೆಕೆಂಡರಿ ಬೀಮ್ ಅಲ್ಲೇ ನಿಂತಿರುತ್ತದೆ, ಯಾವ ವಾರ್ನಿಂಗ್ ಕೂಡ ಬರುವುದಿಲ್ಲ. ಮುಖ್ಯ ಬೀಮ್‌ನ ಟೈಪ್ ಬದಲಾಗಿ ಅಗಲ 150 ಹೋಗಿ 200 ಆಯಿತು ಅನ್ನಿ, ಕಟ್‌ಬ್ಯಾಕ್ ಇದ್ದರೆ ಸೆಕೆಂಡರಿ ಬೀಮ್ ತಾನಾಗಿ 25 ಮಿ.ಮೀ. ಹಿಂದೆ ಸರಿಯುತ್ತದೆ, ಗೆರೆ ಕತ್ತರಿಸಿದ್ದರೆ ಎರಡೂ ಒಂದರೊಳಗೊಂದು ಹೊಕ್ಕಿಕೊಳ್ಳುತ್ತವೆ. ಅನಾಲಿಸಿಸ್‌ಗೂ, ಅಂದರೆ ಕಟ್ಟಡದ ಬಲದ ಲೆಕ್ಕಕ್ಕೂ ತೊಂದರೆ. ರೆವಿಟ್ 2022ರ ತನಕ ಅನಾಲಿಟಿಕಲ್ ಮಾಡೆಲ್ ಈ ಬೀಮ್‌ಗಳ ಜೊತೆಗೇ ತಾನಾಗಿ ಹುಟ್ಟುತ್ತಿತ್ತು, ಗೆರೆ ಗಿಡ್ಡ ಆದರೆ ಅಲ್ಲೂ ನೋಡ್‌ಗಳು (ಇಲ್ಲಿ ಬೀಮ್‌ಗಳು ಸೇರುವ ಬಿಂದುಗಳು) ಬೇರೆ ಬೇರೆ ಆಗಬಹುದಿತ್ತು. 2023ರಿಂದ ಅನಾಲಿಟಿಕಲ್ ಎಲಿಮೆಂಟ್‌ಗಳನ್ನು ಪ್ರತ್ಯೇಕ ಮಾಡಿದ್ದಾರೆ, ಹಾಗಿದ್ದರೂ ಅವನ್ನು ಈ ಬೀಮ್‌ಗಳಿಂದಲೇ ಹೊರಡಿಸಿಕೊಳ್ಳುವವರು ಜಾಸ್ತಿ. ಶೆಡ್ಯೂಲ್‌ನಲ್ಲಿ ಎರಡು ಸಂಖ್ಯೆ ಒಂದೇ ಕಾಣಲಿ ಅಂತ ಇಷ್ಟೆಲ್ಲ ಕಳೆದುಕೊಳ್ಳುವುದು ನ್ಯಾಯವಲ್ಲ. ಗೊಂದಲ ಆಗುತ್ತದೆ ಅಂದರೆ ಶೆಡ್ಯೂಲ್‌ನಿಂದ ಲೆಂಗ್ತ್ ತೆಗೆದು ಕಟ್ ಲೆಂಗ್ತ್ ಒಂದನ್ನೇ ಬಿಡಿ.

ಬೂದು ಬಣ್ಣದ ಕಟ್‌ಬ್ಯಾಕ್ ಬಗ್ಗೆ. ಆ ತುದಿಯಲ್ಲಿ ಯಾರೋ ಡಿಸ್‌ಅಲೌ ಜಾಯಿನ್ (ಜಾಯಿನ್ ಆಗದಂತೆ ತಡೆ) ಕೊಟ್ಟಿರುತ್ತಾರೆ, ಇಲ್ಲವೇ ತುದಿ ಮುಖ್ಯ ಬೀಮ್‌ಗೆ ನಿಜವಾಗಿ ಮುಟ್ಟಿಯೇ ಇಲ್ಲ, ಕಣ್ಣಿಗೆ ಮುಟ್ಟಿದ ಹಾಗೆ ಕಾಣುತ್ತದೆ ಅಷ್ಟೇ. ಬೀಮ್ ಸೆಲೆಕ್ಟ್ ಮಾಡಿ ತುದಿಯ ದುಂಡು ಚುಕ್ಕೆಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅಲೌ ಜಾಯಿನ್ ಕಾಣುತ್ತದೆ. ಅದನ್ನು ಕೊಟ್ಟ ಮೇಲೆ ಕಟ್‌ಬ್ಯಾಕ್ ಜಾಗ ತೆರೆದುಕೊಳ್ಳುತ್ತದೆ. ಅಲೌ ಜಾಯಿನ್ ಕೊಟ್ಟರೂ ತೆರೆಯದಿದ್ದರೆ ಗೆರೆಯ ತುದಿ ಎಲ್ಲಿದೆ ನೋಡಿ, ಪ್ಲಾನ್‌ನಲ್ಲಿ ಸರಿ ಇದ್ದು ಎತ್ತರದಲ್ಲಿ ಬೇರೆ ಇರಬಹುದು. ಸ್ಟಾರ್ಟ್ ಲೆವೆಲ್ ಆಫ್‌ಸೆಟ್, ಎಂಡ್ ಲೆವೆಲ್ ಆಫ್‌ಸೆಟ್ ಎರಡೂ ಪಕ್ಕದವುಗಳ ಹಾಗೇ ಇದೆಯಾ ಅಂತ ಹೋಲಿಸಿ.

ಗ್ರೂಪ್ ಒಳಗಿನವಕ್ಕೆ ಎಡಿಟ್ ಗ್ರೂಪ್ ಒಳಗೆ ಹೋಗಿಯೇ ಮಾಡಬೇಕು. ಒಂದು ಕಡೆ ಮಾಡಿದರೆ ಆ ಗ್ರೂಪ್‌ನ ಎಲ್ಲಾ ಪ್ರತಿಗಳೂ ಬದಲಾಗುತ್ತವೆ, ಅದು ಲಾಭವೂ ಹೌದು, ಅಪಾಯವೂ ಹೌದು. ಬೇರೆ ಅಂತಸ್ತಿನ ಪ್ರತಿಗೆ ಈ ಬದಲಾವಣೆ ಬೇಕಾ ಅಂತ ನೋಡಿ ಮಾಡಿ. ಸ್ಕ್ರಿಪ್ಟ್‌ನಿಂದ ಹೊರಗೆ ನಿಂತು ಗ್ರೂಪ್ ಒಳಗಿನದ್ದನ್ನು ಮುಟ್ಟಲು ಹೋಗಬೇಡಿ, ಎರರ್ ಕೊಟ್ಟು ನಿಲ್ಲುತ್ತದೆ.

ಸ್ಕ್ರಿಪ್ಟ್_ಕೆಲಸ:

ಬಾಗಿದ ಬೀಮ್‌ಗಳ ವಿಷಯ ನಾನು ಹೇಳುತ್ತೇನೆ. ಅವು ಯಾವುದಕ್ಕೂ ಜಾಯಿನ್ ಇಲ್ಲ ಅಂದಿರಿ, ಹಾಗಾಗಿ ಅಲ್ಲಿ ಲೊಕೇಶನ್ ಕರ್ವ್ ಮುಟ್ಟುವುದರಲ್ಲಿ ತಪ್ಪಿಲ್ಲ, ಕಳೆದುಕೊಳ್ಳುವ ಸಂಬಂಧ ಏನೂ ಇಲ್ಲ.

ಬಾಗಿದ್ದನ್ನು ಗಿಡ್ಡ ಮಾಡುವಾಗ ತುದಿಯ ಬಿಂದುವನ್ನು ನೇರ ಗೆರೆಯಲ್ಲಿ ಒಳಗೆ ಸರಿಸಿದರೆ ಅದು ಕಮಾನಿನಿಂದ ಹೊರಗೆ ಬೀಳುತ್ತದೆ, ಆಮೇಲೆ ತ್ರಿಜ್ಯವೇ ಬದಲಾಗುತ್ತದೆ. ಕೇಂದ್ರ ಮತ್ತು ತ್ರಿಜ್ಯ ಹಾಗೇ ಇರಬೇಕು, ಕೋನ ಮಾತ್ರ ಕಮ್ಮಿ ಆಗಬೇಕು. ತ್ರಿಜ್ಯ 8000 ಇದ್ದು ತುದಿಗೆ 10 ಮಿ.ಮೀ. ತೆಗೆಯಬೇಕಾದರೆ 10 ಭಾಗಿಸು 8000, ಅಂದರೆ 0.00125 ರೇಡಿಯನ್, ಡಿಗ್ರಿಯಲ್ಲಿ ಸುಮಾರು 0.07. ಇದನ್ನು ಕೈಯಲ್ಲಿ ಲೆಕ್ಕ ಹಾಕುವ ಅಗತ್ಯ ಇಲ್ಲ. ಡೈನಮೊದಲ್ಲಿ ಕರ್ವ್ ಪ್ಯಾರಾಮೀಟರ್ ಅಟ್ ಸೆಗ್ಮೆಂಟ್ ಲೆಂಗ್ತ್ ಅಂತ ನೋಡ್ ಇದೆ, ಕರ್ವ್ ಮೇಲೆ ಇಷ್ಟು ದೂರ ನಡೆದರೆ ಎಲ್ಲಿಗೆ ಬರುತ್ತೇವೆ ಅಂತ ಹೇಳುತ್ತದೆ. ಅದಕ್ಕೆ ಒಂದು ಸಲ 10 ಕೊಡಿ, ಇನ್ನೊಂದು ಸಲ ಕರ್ವ್‌ನ ಪೂರ್ತಿ ಉದ್ದದಿಂದ 10 ಕಳೆದು ಕೊಡಿ. ಬಂದ ಎರಡು ಉತ್ತರಗಳನ್ನು ಕರ್ವ್ ಟ್ರಿಮ್ ಬೈ ಪ್ಯಾರಾಮೀಟರ್‌ಗೆ ಕೊಟ್ಟರೆ ಗಿಡ್ಡ ಆದ ಕಮಾನು ಸಿಗುತ್ತದೆ, ಅದನ್ನು ಎಲಿಮೆಂಟ್ ಸೆಟ್ ಲೊಕೇಶನ್‌ಗೆ ಕೊಡಿ. ಇದೇ ಗ್ರಾಫ್ (ಡೈನಮೊ ನೋಡ್‌ಗಳ ಜೋಡಣೆ) ನೇರ ಬೀಮ್‌ಗೂ ನಡೆಯುತ್ತದೆ.

ಆದರೆ ಇಲ್ಲಿ ಬಹಳ ಮುಖ್ಯವಾದ ಒಂದು ವಿಷಯ ಇದೆ, ಓಡಿಸುವ ಮುಂಚೆ ಓದಿ. ಕಟ್‌ಬ್ಯಾಕ್ 20 ಅಂತ ಬರೆಯುವುದು ಒಂದು ಬಗೆ, ಈಗಿರುವುದರಿಂದ 10 ಕಳೆ ಅನ್ನುವುದು ಇನ್ನೊಂದು ಬಗೆ. ಮೊದಲನೆಯದನ್ನು ಎಷ್ಟು ಸಲ ಓಡಿಸಿದರೂ ಉತ್ತರ 20 ಆಗಿಯೇ ಇರುತ್ತದೆ. ಎರಡನೆಯದು ಓಡಿಸಿದಾಗಲೆಲ್ಲ ಇನ್ನೂ 10 ಕಳೆಯುತ್ತಾ ಹೋಗುತ್ತದೆ. ಡೈನಮೊ ಆಟೊಮ್ಯಾಟಿಕ್‌ನಲ್ಲಿದ್ದರೆ ನೀವು ಒಂದು ವೈರ್ ಸರಿಸಿದರೂ ಅದು ಮತ್ತೆ ಓಡಬಹುದು, ಬೀಮ್ ಮತ್ತೆ ಗಿಡ್ಡ. ಗ್ರಾಫ್ ತೆರೆದ ತಕ್ಷಣ ಕೆಳಗೆ ಎಡಗಡೆ ಮ್ಯಾನ್ಯುವಲ್‌ಗೆ ಹಾಕಿ. ಸಾಧ್ಯವಾದರೆ ಕಳೆಯುವ ಗ್ರಾಫ್ ಮಾಡಲೇಬೇಡಿ, ಕೊನೆಗೆ ಎಷ್ಟಿರಬೇಕು ಅನ್ನುವುದನ್ನೇ ಬರೆಯುವ ಗ್ರಾಫ್ ಮಾಡಿ. ನಿಮ್ಮ ಬಾಗಿದ ಬೀಮ್‌ಗಳಿಗೆ ಗೋಡೆಯ ಮುಖದಿಂದ ಎಷ್ಟು ದೂರ ಅಂತ ಅಳೆದು, ಆ ದೂರ 20ಕ್ಕಿಂತ ಕಮ್ಮಿ ಇದ್ದಷ್ಟನ್ನೇ ಕಳೆಯುವ ಹಾಗೆ ಮಾಡಿದರೆ ಎರಡನೇ ಸಲ ಓಡಿದರೂ ಏನೂ ಆಗುವುದಿಲ್ಲ. ಸ್ವಲ್ಪ ಹೆಚ್ಚು ಕೆಲಸ, ಆದರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಸೆಟ್ ಪ್ಯಾರಾಮೀಟರ್ ಬೈ ನೇಮ್ ಹೆಸರನ್ನು ಅಕ್ಷರಕ್ಕೆ ಅಕ್ಷರ ನೋಡುತ್ತದೆ. ರೆವಿಟ್ ಬೇರೆ ಭಾಷೆಯಲ್ಲಿ ಇನ್‌ಸ್ಟಾಲ್ ಆಗಿದ್ದರೆ ಪ್ಯಾರಾಮೀಟರ್ ಹೆಸರೇ ಬೇರೆ, ಅಲ್ಲಿ ಗ್ರಾಫ್ ನಿಂತುಹೋಗುತ್ತದೆ. ಪೈಥಾನ್‌ನಲ್ಲಿ ಬಿಲ್ಟ್-ಇನ್ ಪ್ಯಾರಾಮೀಟರ್ ಹಿಡಿದರೆ ಆ ತಲೆನೋವಿಲ್ಲ. ಪೈಥಾನ್ ಬರೆದರೆ ಎಲ್ಲಾ ಬೀಮ್‌ಗಳನ್ನೂ ಒಂದೇ ಟ್ರಾನ್ಸಾಕ್ಷನ್ (ಒಟ್ಟಿಗೆ ದಾಖಲಾಗುವ ಬದಲಾವಣೆಗಳ ಕಟ್ಟು) ಒಳಗೆ ಇಡಿ, ತಪ್ಪಿದರೆ ಒಂದೇ ಅನ್‌ಡು ಸಾಕು. ಬೀಮ್‌ಗೊಂದು ಟ್ರಾನ್ಸಾಕ್ಷನ್ ಮಾಡಿದರೆ ಅನ್‌ಡು ಒತ್ತುತ್ತಾ ಕೂರಬೇಕು.

ಪೈಪುಗಾರ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಡೆ, ಅಂದರೆ ಪೈಪ್ ಮತ್ತು ಡಕ್ಟ್‌ನಲ್ಲಿ, ಇದೇ ಪ್ರಶ್ನೆ ದಿನಾ ಬರುತ್ತದೆ. ಪೈಪ್‌ನ ಉದ್ದ ಎರಡು ಫಿಟಿಂಗ್‌ಗಳ ನಡುವಿನದ್ದು. ಪೈಪ್‌ನ ಗೆರೆ ಎಳೆದರೆ ಎಲ್ಬೊ, ಟೀ ಎಲ್ಲವೂ ಹಿಂದೆ ಬರುತ್ತವೆ, ಇಲ್ಲವೇ ಕನೆಕ್ಷನ್ ಬಿಟ್ಟುಹೋಗುತ್ತದೆ. ಹಾಗಾಗಿ ನಾವು ಪೈಪ್ ಮುಟ್ಟುವುದಿಲ್ಲ, ಫಿಟಿಂಗ್ ಸರಿಸುತ್ತೇವೆ. ಇಡೀ ಸಾಲನ್ನು 6 ಮೀಟರ್ ತುಂಡುಗಳಾಗಿ ಮಾಡಬೇಕು ಅಂದಾಗ ಮಾತ್ರ ಎಪಿಐನ ಬ್ರೇಕ್ ಕರ್ವ್ ಬಳಸುತ್ತೇವೆ, ಪೈಪ್‌ಗೆ ಪ್ಲಂಬಿಂಗ್ ಯುಟಿಲ್ಸ್‌ನಲ್ಲಿ, ಡಕ್ಟ್‌ಗೆ ಮೆಕ್ಯಾನಿಕಲ್ ಯುಟಿಲ್ಸ್‌ನಲ್ಲಿ ಇದೆ. ಅದು ಕತ್ತರಿಸುತ್ತದೆ ಅಷ್ಟೇ, ನಡುವೆ ಯೂನಿಯನ್ ಹಾಕುವುದು ನಿಮ್ಮ ಕೆಲಸ.

ಬಾಗಿಲುವಾಡ:

ಗೋಡೆಯ ಬಗ್ಗೆ ಯಾರೂ ಹೇಳಲಿಲ್ಲ, ಮುಂದೆ ಇದನ್ನು ಓದುವವರಿಗೆ ಬೇಕಾಗಬಹುದು. ಗೋಡೆಗಳ ಎತ್ತರ ಒಟ್ಟಿಗೆ ಬದಲಿಸುವುದು ಸುಲಭ. ಟಾಪ್ ಕನ್‌ಸ್ಟ್ರೈಂಟ್ ಲೆವೆಲ್‌ಗೆ ಕಟ್ಟಿದ್ದರೆ ಟಾಪ್ ಆಫ್‌ಸೆಟ್ ಬದಲಿಸಿ, ಕಟ್ಟಿಲ್ಲದಿದ್ದರೆ ಅನ್‌ಕನೆಕ್ಟೆಡ್ ಹೈಟ್ ಬದಲಿಸಿ. ನೂರು ಗೋಡೆ ಸೆಲೆಕ್ಟ್ ಮಾಡಿದರೂ ಒಂದೇ ಸಲ ಬರೆಯಬಹುದು. ಶೆಡ್ಯೂಲ್‌ನಲ್ಲೂ ಮಾಡಬಹುದು, ಐಟಮೈಸ್ ಎವೆರಿ ಇನ್‌ಸ್ಟೆನ್ಸ್ ಟಿಕ್ ತೆಗೆದರೆ ಒಂದೇ ತರದವೆಲ್ಲ ಒಂದು ಸಾಲಿಗೆ ಬರುತ್ತವೆ, ಆ ಸಾಲಿನಲ್ಲಿ ಬದಲಿಸಿದ್ದು ಅದರ ಹಿಂದಿನ ಎಲ್ಲಕ್ಕೂ ಹೋಗುತ್ತದೆ.

ಉದ್ದ ಮಾತ್ರ ಬೇರೆ ಕಥೆ. ಗೋಡೆಯ ತುದಿ ಪಕ್ಕದ ಗೋಡೆಗೆ ಸೇರಿಕೊಂಡಿರುತ್ತದೆ. ಸ್ಕ್ರಿಪ್ಟ್‌ನಿಂದ ಗೆರೆ ಬದಲಿಸಿದರೆ ಆ ಮೂಲೆ ಬಿಟ್ಟುಹೋಗಬಹುದು, ಪಕ್ಕದ ಗೋಡೆಯೂ ಜೊತೆಗೆ ಎಳೆದುಕೊಂಡು ಬರಬಹುದು, ಅದರ ಹಿಂದೆ ರೂಮ್‌ನ ವಿಸ್ತೀರ್ಣವೂ ಬದಲಾಗುತ್ತದೆ. ಹೀಗಾಗಿ ಗೋಡೆಗೆ ಉದ್ದ ಕೊಡಲು ಹೋಗದೆ ಅಡ್ಡ ಗೋಡೆಯನ್ನು ಸರಿಸಿ, ಇಲ್ಲವೇ ಡೈಮೆನ್ಷನ್ ಹಾಕಿ ಗ್ಲೋಬಲ್ ಪ್ಯಾರಾಮೀಟರ್‌ಗೆ ಕಟ್ಟಿ. ಹತ್ತು ಕೋಣೆಗಳ ಅಗಲ ಒಂದೇ ಇರಬೇಕು ಅನ್ನುವ ಕಡೆ ಗ್ಲೋಬಲ್ ಪ್ಯಾರಾಮೀಟರ್ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಒಂದು ಜಾಗದಲ್ಲಿ ಸಂಖ್ಯೆ ಬದಲಿಸಿದರೆ ಹತ್ತೂ ಬದಲಾಗುತ್ತವೆ. ಕನ್‌ಸ್ಟ್ರೈಂಟ್ಸ್ ಆರ್ ನಾಟ್ ಸ್ಯಾಟಿಸ್‌ಫೈಡ್ ಅಂತ ಕಿಟಕಿ ಬಂದಾಗ ರಿಮೂವ್ ಕನ್‌ಸ್ಟ್ರೈಂಟ್ಸ್ ಒತ್ತುವ ಅಭ್ಯಾಸ ಬಿಡಿ. ಯಾರೋ ಯೋಚಿಸಿ ಹಾಕಿದ ಬೀಗ ಅದು. ಕ್ಯಾನ್ಸಲ್ ಕೊಟ್ಟು ಯಾವ ಡೈಮೆನ್ಷನ್ ಅಂತ ಹುಡುಕಿ, ಅವರನ್ನು ಕೇಳಿ ತೆಗೆಯಿರಿ.

ಮೂಲೆಕಲ್ಲು:

ನಾನು ಟೆಕ್ಲಾದಲ್ಲಿ, ಅಂದರೆ ಕಟ್ಟಡದ ಮಾಡೆಲ್ ಮಾಡುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವನು. ಅಲ್ಲಿಯೂ ಇದೇ ನೀತಿ. ಬೀಮ್‌ನ ಹ್ಯಾಂಡಲ್‌ಗಳು (ತುದಿಯ ಹಿಡಿಗಳು) ಗ್ರಿಡ್ ಮೇಲೆ ಇರಲಿ ಅಂತ ಬಿಡುತ್ತೇವೆ, ಉದ್ದವನ್ನು ಎಂಡ್ ಆಫ್‌ಸೆಟ್‌ನ ಡಿಎಕ್ಸ್‌ನಿಂದ (ಬೀಮ್‌ನ ಉದ್ದದ ದಿಕ್ಕಿನ ಅಳತೆ) ಬದಲಿಸುತ್ತೇವೆ. ನೂರು ಬೀಮ್ ಹಿಡಿದು ಮಾಡಿಫೈ ಒತ್ತುವ ಮುಂಚೆ ಬದಲಿಸಬೇಕಾದದ್ದರ ಮುಂದಿನ ಟಿಕ್ ಮಾತ್ರ ಇರಲಿ, ಮಿಕ್ಕ ಟಿಕ್ ಎಲ್ಲ ತೆಗೆಯಿರಿ. ಹಾಗೆ ಮಾಡದಿದ್ದರೆ ಪ್ರೊಫೈಲ್, ಮೆಟೀರಿಯಲ್, ಎಲ್ಲವೂ ನೂರಕ್ಕೂ ಒಂದೇ ಆಗಿಬಿಡುತ್ತದೆ. ನಿಜವಾಗಿ ತುದಿಯನ್ನೇ ಸರಿಸಬೇಕಿದ್ದರೆ ಆಲ್ಟ್ ಹಿಡಿದು ತುದಿಗಳ ಸುತ್ತ ಚೌಕ ಎಳೆದರೆ ಆ ಹ್ಯಾಂಡಲ್‌ಗಳು ಮಾತ್ರ ಸೆಲೆಕ್ಟ್ ಆಗುತ್ತವೆ, ಅವನ್ನು ಒಟ್ಟಿಗೆ ಮೂವ್ ಮಾಡಬಹುದು. ಕನೆಕ್ಷನ್ ಹಾಕಿದ ಮೇಲೆ ಗ್ಯಾಪ್ ಕನೆಕ್ಷನ್‌ನ ಒಳಗೇ ಇರುತ್ತದೆ, ಅಲ್ಲಿಯೇ ಬದಲಿಸುವುದು ಸರಿ, ಬೀಮ್‌ನಲ್ಲಿ ಅಲ್ಲ.

ಉಕ್ಕಿನತೊಲೆ:

ಗ್ರಿಡ್‌ಲೈನ್ ಅವರೇ, ನೀವು ಹೇಳಿದ್ದೇ ನಿಜ. ಬೂದು ಬಣ್ಣದವುಗಳಲ್ಲಿ ಕೆಲವಕ್ಕೆ ಡಿಸ್‌ಅಲೌ ಜಾಯಿನ್ ಇತ್ತು, ಕೆಲವು ಎಂಡ್ ಲೆವೆಲ್ ಆಫ್‌ಸೆಟ್‌ನಲ್ಲಿ ಪಕ್ಕದವುಗಳಿಗಿಂತ ಬೇರೆ ಇದ್ದವು. ಅಂದರೆ ಆ ಬೀಮ್‌ಗಳು ಮೊದಲಿಂದಲೂ ಮುಖ್ಯ ಬೀಮ್‌ಗೆ ಸೇರಿಯೇ ಇರಲಿಲ್ಲ. ಈ ಗ್ಯಾಪ್ ಬದಲಾವಣೆ ಬರದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಸಹೋದ್ಯೋಗಿಗೂ ನಿಮ್ಮ ಉತ್ತರ ತೋರಿಸಿದೆ, ಮುಖ್ಯ ಬೀಮ್‌ನ ಟೈಪ್ ಬದಲಾದರೆ ಏನಾಗುತ್ತದೆ ಅನ್ನುವ ಮಾತು ಅವರಿಗೂ ಹಿಡಿಸಿತು, ಕಟ್‌ಬ್ಯಾಕ್ ಆಗಲಿ ಅಂದರು.

ಬಾಗಿದ ಬೀಮ್‌ಗಳಿಗೆ ದೂರ ಅಳೆದು ಕಳೆಯುವ ಗ್ರಾಫ್ ಕಟ್ಟುತ್ತಿದ್ದೇನೆ, ಮ್ಯಾನ್ಯುವಲ್‌ನಲ್ಲೇ ಇಟ್ಟಿದ್ದೇನೆ. ಎಲ್ಲಾ ಮುಗಿದ ಮೇಲೆ ಯಾವುದೂ ತಪ್ಪಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ನೀವೆಲ್ಲ ಏನು ಮಾಡುತ್ತೀರಿ?

ಗ್ರಿಡ್‌ಲೈನ್:

ಬದಲಾವಣೆಗೆ ಮುಂಚಿನ ಫೈಲ್‌ನ ಬ್ಯಾಕಪ್ ಇದ್ದರೆ ಅದನ್ನು ಡಿಟ್ಯಾಚ್ ಮಾಡಿ (ಎಲ್ಲರೂ ಹಂಚಿಕೊಳ್ಳುವ ಸೆಂಟ್ರಲ್ ಫೈಲ್‌ನಿಂದ ಬೇರ್ಪಡಿಸಿ) ತೆರೆಯಿರಿ. ಸ್ಟ್ರಕ್ಚರಲ್ ಫ್ರೇಮಿಂಗ್ ಶೆಡ್ಯೂಲ್ ಮಾಡಿ, ಮಾರ್ಕ್ (ಬೀಮ್‌ನ ಗುರುತು), ಟೈಪ್, ರೆಫರೆನ್ಸ್ ಲೆವೆಲ್, ಲೆಂಗ್ತ್, ಕಟ್ ಲೆಂಗ್ತ್ ಇಷ್ಟೇ ಸಾಕು. ಅದನ್ನು ಟೆಕ್ಸ್ಟ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಈಗಿನ ಫೈಲ್‌ನಿಂದಲೂ ಅದೇ ಶೆಡ್ಯೂಲ್ ಎಕ್ಸ್‌ಪೋರ್ಟ್ ಮಾಡಿ. ಎರಡನ್ನೂ ಎಕ್ಸೆಲ್‌ನಲ್ಲಿ ಮಾರ್ಕ್ ಹಿಡಿದು ಪಕ್ಕಪಕ್ಕ ಇಟ್ಟು ಹಳೆಯ ಕಟ್ ಲೆಂಗ್ತ್‌ನಿಂದ ಹೊಸದನ್ನು ಕಳೆಯಿರಿ. ಸೆಕೆಂಡರಿ ಬೀಮ್‌ಗೆಲ್ಲ 20 ಬರಬೇಕು. 10 ಬಂದರೆ ಒಂದೇ ತುದಿ ಬದಲಾಗಿದೆ, 0 ಬಂದರೆ ಮುಟ್ಟಿಯೇ ಇಲ್ಲ, 40 ಬಂದರೆ ಕಳೆಯುವ ಗ್ರಾಫ್ ಎರಡು ಸಲ ಓಡಿದೆ. ಲೆಂಗ್ತ್‌ನ ವ್ಯತ್ಯಾಸ 0 ಇರಬೇಕು, ಬಾಗಿದ ಬೀಮ್‌ಗಳನ್ನೂ ಎಡ್ಜ್ ಬೀಮ್ ಜೊತೆ ಹೊರಗೆ ಬಂದ ಕ್ಯಾಂಟಿಲಿವರ್‌ಗಳನ್ನೂ ಬಿಟ್ಟು. ಇವಕ್ಕೆ ಗೆರೆಯೇ ಬದಲಾಗಿದೆಯಲ್ಲ. ಎಲ್ಲೋ ಒಂದಕ್ಕೆ ಲೆಂಗ್ತ್ ಕೂಡ ಬದಲಾಗಿದ್ದರೆ ಯಾರೋ ಗೆರೆ ಎಳೆದಿದ್ದಾರೆ ಅಂತ ಅರ್ಥ. ಇದಕ್ಕೆಲ್ಲ ಮಾರ್ಕ್ ಒಂದೊಂದಕ್ಕೆ ಒಂದೊಂದು ಇರಬೇಕು. ಒಂದೇ ಮಾರ್ಕ್ ಎರಡು ಬೀಮ್‌ಗೆ ಇದ್ದರೆ ಹೋಲಿಕೆ ಕೆಡುತ್ತದೆ, ಮೊದಲು ಅದನ್ನು ಸರಿಮಾಡಿ.

ತಪ್ಪಿರುವ ಬೀಮ್ ಸಿಕ್ಕರೆ ಶೆಡ್ಯೂಲ್‌ನಲ್ಲಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿ ಹೈಲೈಟ್ ಇನ್ ಮಾಡೆಲ್ ಒತ್ತಿ, ನೇರವಾಗಿ ಅದರ ಹತ್ತಿರ ಕರೆದುಕೊಂಡು ಹೋಗುತ್ತದೆ.

ಒಂದೇ ಸೆಂಟ್ರಲ್ ಫೈಲ್‌ನಲ್ಲಿ ಹಲವರು ಕೆಲಸ ಮಾಡುತ್ತಿದ್ದರೆ ಇದನ್ನೆಲ್ಲ ಎಲ್ಲರೂ ಸಿಂಕ್ ಮಾಡಿ ಎಲಿಮೆಂಟ್‌ಗಳನ್ನು ಬಿಟ್ಟುಕೊಟ್ಟ ಮೇಲೆ ಮಾಡಿ. ಬೇರೆಯವರ ಕೈಯಲ್ಲಿರುವ ಬೀಮ್ ನಿಮಗೆ ಬದಲಿಸಲು ಸಿಗುವುದಿಲ್ಲ, ನೂರರಲ್ಲಿ ನಾಲ್ಕು ಹಾಗೆ ಉಳಿದರೆ ಕಣ್ಣಿಗೂ ಬೀಳುವುದಿಲ್ಲ.

ಉಕ್ಕಿನತೊಲೆ:

ಬ್ಯಾಕಪ್ ಇದೆ. ಮಾರ್ಕ್‌ಗಳಲ್ಲಿ ಕೆಲವು ಎರಡೆರಡು ಸಲ ಇವೆ, ಡುಪ್ಲಿಕೇಟ್ ಮಾರ್ಕ್ ವಾರ್ನಿಂಗ್ ಪಟ್ಟಿಯಿಂದ ಹುಡುಕಿ ಸರಿಮಾಡಿಕೊಂಡು ಹೋಲಿಕೆ ಶುರು ಮಾಡುತ್ತೇನೆ. ಬಾಗಿದ ಬೀಮ್‌ಗಳ ಗ್ರಾಫ್ ಸರಿಯಾಗಿ ಓಡಿದರೆ ಅದರ ಚಿತ್ರ ಇಲ್ಲೇ ಹಾಕುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ.